ಕಲ್ಲಿಗೊಂದು ವಿಳಾಸ

ವಿಮಾನದಲ್ಲಿ ಹೊರದೇಶಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 23 ಕಿಲೋ. ಬೆಂಗಳೂರಿನ ಶ್ರೀನಗರ, ಹನುಮಂತನಗರದ ಕಡೆ ಮಕ್ಕಳನ್ನು ದೂರ ಕಳಿಸಿದ ತಾಯಂದಿರಿಗೆಲ್ಲ ಈ ಲೆಕ್ಕ ಬಾಯಿಪಾಠ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ತುಂಬುವುದು, ತೂಗುವುದು, ಅರ್ಧ ಕಿಲೋ ಹೆಚ್ಚಾಯಿತೆಂದು ಮತ್ತೆ ಬಿಚ್ಚುವುದು. ಬರುವಾಗ ಪೆಟ್ಟಿಗೆ ಹಗುರ, ಒಂದಿಷ್ಟು ಚಾಕೊಲೇಟು ಬಿಟ್ಟರೆ ಬಟ್ಟೆ. ಭೂವಿಜ್ಞಾನ ಓದುವವರದು ಇದಕ್ಕೆ ತದ್ವಿರುದ್ಧ. ಹತ್ತು ಸೆಂಟಿಮೀಟರ್ ಉದ್ದ, ಎಂಟು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ದಪ್ಪದ ಕಲ್ಲಿನ ತುಂಡು ಅಂಗೈಯಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಸುಮಾರು 650 ಗ್ರಾಂ ತೂಗುತ್ತದೆ. ಕಲ್ಲು ನೀರಿಗಿಂತ 2.7 ಪಟ್ಟು ಭಾರ. ಅಂಥ 30 ತುಂಡು ಹಾಕಿದರೆ ಹತ್ತೊಂಬತ್ತೂವರೆ ಕಿಲೋ. ಪೆಟ್ಟಿಗೆಯದೇ ತೂಕ ಸೇರಿಸಿದರೆ ಒಂದು ಜೊತೆ ಸಾಕ್ಸಿಗೂ ಜಾಗವಿಲ್ಲ.

ನಮ್ಮ ರಸ್ತೆಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಕ್ಷೇತ್ರಕಾರ್ಯಕ್ಕೆಂದು ಸ್ಕಾಟ್ಲೆಂಡಿನ ವಾಯವ್ಯ ಮೂಲೆಗೆ, ಆಸಿಂಟ್ ಎಂಬ ಕಡೆಗೆ ಹೊರಟಿದ್ದಳು. ಅವರಮ್ಮ ಗೇಟಿನ ಹತ್ತಿರ ನಿಂತು ನನ್ನನ್ನು ತರಾಟೆಗೆ ತೆಗೆದುಕೊಂಡರು. “ಅಲ್ಲಾ ಮೇಷ್ಟ್ರೇ, ಕಲ್ಲು ತರೋಕೆ ಸ್ಕಾಟ್ಲೆಂಡಿಗೆ ಹೋಗಬೇಕಾ? ನಮ್ಮ ರಾಮಾಂಜನೇಯ ಗುಡ್ಡದಲ್ಲಿ ಇರೋದು ಕಲ್ಲಲ್ವಾ?”

ಭೂವಿಜ್ಞಾನ ಪಾಠ ಹೇಳಿದವನು ಎಂಬ ಕಾರಣಕ್ಕೆ ಇಂಥ ಪ್ರಶ್ನೆಗಳಿಗೆಲ್ಲ ನಾನೇ ಹೊಣೆ. ಆದರೆ ಆಕೆಯ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆಸಿಂಟಿನ ಕಲ್ಲೂ ನಮ್ಮ ಗುಡ್ಡದ ಕಲ್ಲೂ ಒಂದೇ ಜಾತಿಯವು. ಎರಡೂ ನೈಸ್ ಶಿಲೆ, ಬೂದು ಮೈಮೇಲೆ ಕಪ್ಪು ಬಿಳುಪಿನ ಪಟ್ಟೆ. ಎರಡಕ್ಕೂ ಹೆಚ್ಚುಕಡಿಮೆ 300 ಕೋಟಿ ವರ್ಷ. ಅಲ್ಲಿಯದಕ್ಕೆ ಲೂಯಿಸಿಯನ್ ನೈಸ್ ಎನ್ನುತ್ತಾರೆ. ಇಲ್ಲಿಯದಕ್ಕೆ ಪೆನಿನ್ಸುಲರ್ ನೈಸ್ ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ, ಬ್ಯೂಗಲ್ ರಾಕ್, ಗವಿ ಗಂಗಾಧರೇಶ್ವರನ ಗವಿ, ನಮ್ಮ ಕಡೆ ಬೋರ್‌ವೆಲ್ ಕೊರೆಸುವಾಗ ಬೀದಿಯುದ್ದಕ್ಕೂ ಹಾರುವ ಬೂದು ಪುಡಿ, ಎಲ್ಲ ಅದೇ. ಎರಡೂ ಕಡೆಯ ಒಂದೊಂದು ತುಂಡನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ, ಯಾವುದು ಯಾವ ಊರಿನದೆಂದು ಬರಿಗಣ್ಣಿನಲ್ಲಿ ಹೇಳಲು ಪಳಗಿದವರೂ ತಡವರಿಸುತ್ತಾರೆ.

ಆದ್ದರಿಂದಲೇ ಕ್ಷೇತ್ರಕಾರ್ಯದಲ್ಲಿ ಕಲ್ಲು ಒಡೆಯುವುದು ಚಿಕ್ಕ ಕೆಲಸ, ಬರೆದುಕೊಳ್ಳುವುದು ದೊಡ್ಡ ಕೆಲಸ. ವಿದ್ಯಾರ್ಥಿಗಳಿಗೆ ಮೊದಲ ದಿನ ಇದು ತಲೆಗೆ ಹೋಗುವುದಿಲ್ಲ. ಕೈಗೆ ಸುತ್ತಿಗೆ ಸಿಕ್ಕಿತೆಂದರೆ ಮುಗಿಯಿತು, ಕಂಡಕಂಡದ್ದಕ್ಕೆಲ್ಲ ಏಟು. ನಿಜವಾಗಿ ಮಾಡಬೇಕಾದದ್ದು ಮೊದಲು ಸುಮ್ಮನೆ ಕೂತು ಬಂಡೆಯನ್ನು ನೋಡುವುದು, ಅದರ ಚಿತ್ರ ಬಿಡಿಸುವುದು. ಪಟ್ಟೆ ಯಾವ ದಿಕ್ಕಿಗೆ ಚಾಚಿದೆ, ಎಷ್ಟು ಡಿಗ್ರಿ ವಾಲಿದೆ ಎಂದು ದಿಕ್ಸೂಚಿ ಹಿಡಿದು ಅಳೆಯಬೇಕು. ಕಲ್ಲು ಇನ್ನೂ ಬಂಡೆಯಲ್ಲಿರುವಾಗಲೇ ಅದರ ಮೇಲೆ ಉತ್ತರಕ್ಕೊಂದು ಬಾಣ, ಮೇಲ್ಮೈ ಯಾವುದೆಂದು ಒಂದು ಗುರುತು ಹಾಕಬೇಕು. ಒಡೆದು ಕೈಗೆ ಬಂದಮೇಲೆ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂದು ಬ್ರಹ್ಮನೂ ಹೇಳಲಾರ. ನಂಬರನ್ನು ಕಲ್ಲಿನ ಮೇಲೊಮ್ಮೆ, ಚೀಲದ ಮೇಲೊಮ್ಮೆ, ನೋಟ್‌ಬುಕ್ಕಿನಲ್ಲೊಮ್ಮೆ ಬರೆಯಬೇಕು. ಸಂಗ್ರಹಾಲಯಗಳ ಹಳೆಯ ಕಲ್ಲುಗಳನ್ನು ನೋಡಿದರೆ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಬಿಳಿ ಬಣ್ಣ ಬಳಿದು, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಣ್ಣದಾಗಿ ನಂಬರು ಬರೆದಿರುತ್ತಾರೆ. ಚೀಲ ಹರಿಯಬಹುದು, ಚೀಟಿಯನ್ನು ಇಲಿ ತಿನ್ನಬಹುದು. ಮೈಮೇಲೆ ಬರೆದದ್ದು ಉಳಿಯುತ್ತದೆ.

ಹುಡುಗಿಗೆ ನಾನು ಒತ್ತಿ ಹೇಳಿದ್ದು ಪೆನ್ಸಿಲಿನ ವಿಷಯ. ಅಲ್ಲಿ ಮಳೆ ಹೇಳದೆ ಕೇಳದೆ ಬರುತ್ತದೆ. ಜೆಲ್ ಪೆನ್ನಿನಲ್ಲಿ ಬರೆದ ಪುಟ ಒಂದೇ ಸೋನೆಗೆ ನೀಲಿ ನೀರಾಗುತ್ತದೆ. ಪೆನ್ಸಿಲು ಒದ್ದೆ ಹಾಳೆಯ ಮೇಲೂ ಬರೆಯುತ್ತದೆ, ಒಣಗಿದ ಮೇಲೂ ಉಳಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮಿಜ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊಣಗಳು ಮುಖಕ್ಕೆ ಮುತ್ತಿಕೊಳ್ಳುತ್ತವಂತೆ. ಗಾಳಿ ನಿಂತರೆ ಸಾಕು, ನಿಂತ ಜಾಗದಲ್ಲಿ ನಿಲ್ಲಲು ಬಿಡುವುದಿಲ್ಲ. “ಅಂಕಲ್, ನೊಣ ಓಡಿಸಲೋ, ಡಿಗ್ರಿ ಬರೆಯಲೋ” ಎಂದು ಅಲ್ಲಿಂದ ಮೆಸೇಜು ಬಂತು. ಎರಡೂ ಮಾಡು ಎಂದೆ. ಅವಸರದಲ್ಲಿ ಬರೆಯದೆ ಬಿಟ್ಟ ಕಲ್ಲಿಗೆ ಆಮೇಲೆ ನೆನಪಿನಿಂದ ನಂಬರು ಕೊಡುವುದಕ್ಕಿಂತ ಅದನ್ನು ಅಲ್ಲೇ ಎಸೆದು ಬರುವುದು ವಾಸಿ.

ಬಿಡಿಯಾಗಿ ಬಿದ್ದಿರುವ ಕಲ್ಲನ್ನು ಎತ್ತಿಕೊಂಡರೆ ಒಡೆಯುವ ಶ್ರಮ ಉಳಿಯಿತಲ್ಲ ಎಂದು ಯಾರಿಗೂ ಅನ್ನಿಸುತ್ತದೆ. ಆದರೆ ಸ್ಕಾಟ್ಲೆಂಡಿನಲ್ಲಿ ಅದು ದೊಡ್ಡ ಅಪಾಯ. ಹಿಮಯುಗದಲ್ಲಿ ಆ ನಾಡಿನ ಮೇಲೆ ಹರಿದ ಹಿಮನದಿಗಳು ಎಲ್ಲಿಯದೋ ಬಂಡೆಯನ್ನು ಎಲ್ಲಿಗೋ ಹೊತ್ತು ತಂದು ಬಿಟ್ಟುಹೋಗಿವೆ. ಆಸಿಂಟಿನ ಬೋಳು ನೈಸ್ ಮೇಲೆ ಅಂಥ ಪರದೇಶಿ ಗುಂಡುಗಳು ಯಾರೋ ಜೋಡಿಸಿಟ್ಟಂತೆ ಕೂತಿರುತ್ತವೆ. ನಮ್ಮ ಶ್ರೀನಗರದಲ್ಲಿ ಆ ಕೆಲಸವನ್ನು ಲಾರಿಗಳು ಮಾಡುತ್ತವೆ. ಇಲ್ಲಿನ ಫುಟ್‌ಪಾತಿನ ಚಪ್ಪಡಿ ನೋಡಿ ಇಲ್ಲಿನ ಭೂಮಿಯ ಚರಿತ್ರೆ ಬರೆಯಲು ಹೊರಟವನ ಗತಿ ಊಹಿಸಿಕೊಳ್ಳಿ. ನೆಲಕ್ಕೆ ಅಂಟಿಕೊಂಡಿರುವ ಬಂಡೆಯಿಂದಲೇ ತೆಗೆಯಬೇಕು, ಅದೂ ಬಿಸಿಲು ಮಳೆಗೆ ಕೊಳೆತ ಹೊರಪದರವನ್ನು ಕೆತ್ತಿಹಾಕಿ, ಒಳಗಿನ ಹೊಸ ಮುಖವನ್ನು ತಲುಪಿ. ಈ ವಿಷಯದಲ್ಲಿ ಸ್ಕಾಟ್ಲೆಂಡಿನವರು ಪುಣ್ಯವಂತರು. ಹಿಮ ಉಜ್ಜಿಹೋದ ಬಂಡೆಯಲ್ಲಿ ಬೆರಳಿನಷ್ಟು ಕೆತ್ತಿದರೆ ಹೊಸ ಕಲ್ಲು ಸಿಗುತ್ತದೆ. ನಮ್ಮ ಬಯಲುಸೀಮೆಯ ಬಹುಪಾಲು ಕಡೆ ಕಲ್ಲು ಎಷ್ಟೋ ಅಡಿ ಆಳದವರೆಗೆ ಮಣ್ಣಾಗಿಬಿಟ್ಟಿದೆ. ಹೊಸ ಕಲ್ಲು ಬೇಕೆಂದರೆ ಕ್ವಾರಿಗೆ ಹೋಗಬೇಕು.

ಕನಕಪುರದ ಕಡೆಯ ಕಬ್ಬಾಳದುರ್ಗದ ಕ್ವಾರಿ ಪ್ರಪಂಚದ ಭೂವಿಜ್ಞಾನಿಗಳ ಬಾಯಲ್ಲಿ ಇರುವುದು ಹೀಗೆ. ಮೈಸೂರಿನ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಕಬ್ಬಾಳದುರ್ಗದಲ್ಲಿ ಬೂದು ನೈಸ್ ಕಲ್ಲಿನ ನಡುವೆ ಎಣ್ಣೆ ಚೆಲ್ಲಿದಂಥ ಕಪ್ಪು ಹಸಿರು ಮಚ್ಚೆಗಳಿವೆ, ಅವು ಚಾರ್ನೊಕೈಟ್ ಶಿಲೆ, ಒಂದು ಕಲ್ಲು ಇನ್ನೊಂದಾಗಿ ಮಾರ್ಪಡುತ್ತಿದ್ದ ಗಳಿಗೆ ಅಲ್ಲಿ ಹಾಗೇ ಹೆಪ್ಪುಗಟ್ಟಿದೆ ಎಂದು ಅವರು ತೋರಿಸಿದರು. ಮಚ್ಚೆಯ ಅಂಚಿನಲ್ಲಿ ನೈಸಿನ ಪಟ್ಟೆಗಳು ಮಸುಕಾಗುತ್ತ ಮಾಯವಾಗುವುದನ್ನು ಬೆರಳಿಟ್ಟು ಗುರುತಿಸಬಹುದು. ಆಮೇಲೆ ಷಿಕಾಗೊದ ರಾಬರ್ಟ್ ನ್ಯೂಟನ್, ಮೈಸೂರಿನ ಎ.ಎಸ್. ಜನಾರ್ದನ್ ಮುಂತಾದವರು ಅದಕ್ಕೆ ಕಾರಣ ಹುಡುಕಿದರು. ಭೂಮಿಯ ಆಳದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ ದ್ರವ ನುಗ್ಗಿ ಕಲ್ಲಿನಲ್ಲಿದ್ದ ನೀರಿನ ಅಂಶವನ್ನು ಹೊರದೂಡಿತು ಎಂಬ ವಾದಕ್ಕೆ ಈ ಕ್ವಾರಿ ಸಾಕ್ಷಿಯಾಯಿತು. ಇಲ್ಲಿ ಮಾದರಿ ತೆಗೆಯುವವನು ಕಪ್ಪು ತುಂಡೊಂದು, ಬೂದು ತುಂಡೊಂದು ಎಂದು ಬೇರೆಬೇರೆ ಕಿತ್ತುಕೊಂಡರೆ ಏನೂ ದಕ್ಕುವುದಿಲ್ಲ. ಅರ್ಧ ಕಪ್ಪು, ಅರ್ಧ ಬೂದು, ನಡುವೆ ಅಂಚು ಇರುವ ಒಂದೇ ತುಂಡು ಬೇಕು. ಕತೆ ಇರುವುದು ಆ ಅಂಚಿನಲ್ಲಿ.

ಚಾರ್ನೊಕೈಟ್ ಎಂಬ ಹೆಸರೂ ದಾರಿ ತಪ್ಪಿದ ಕಲ್ಲಿನಿಂದ ಬಂದದ್ದೇ. ಕಲ್ಕತ್ತೆಯ ಜಾಬ್ ಚಾರ್ನಾಕ್‌ನ ಗೋರಿಯ ಮೇಲಿನ ಕಲ್ಲನ್ನು ನೋಡಿ ಥಾಮಸ್ ಹಾಲೆಂಡ್ ಆ ಹೆಸರಿಟ್ಟ. ಗಂಗೆಯ ಮೆಕ್ಕಲು ಮಣ್ಣಿನ ಆ ಊರಿನಲ್ಲಿ ಅಂಥ ಬಂಡೆ ಎಲ್ಲಿಂದ ಬರಬೇಕು? ಅದು ಹೋದದ್ದು ಮದರಾಸಿನಿಂದ.

ನಾವು ಹೊರದೇಶಕ್ಕೆ ಹೋಗಿ ಕಲ್ಲು ತರುವುದು ಹೊಸತು. ಹೊರದೇಶದವರು ಇಲ್ಲಿಗೆ ಬಂದು ಕಲ್ಲು ಒಯ್ಯುವುದು ಹಳೆಯದು. ಬ್ರಿಟನ್ನಿನ ಬೆಕಿನ್‌ಸೇಲ್, ಡ್ರೂರಿ, ಹೋಲ್ಟ್ ಎಂಬ ಮೂವರು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಗೆ 336 ಕೋಟಿ ವರ್ಷ ಎಂದು ಪ್ರಕಟಿಸಿದರು. ಹೇಮಾವತಿ ದಡದ ಊರು, ಕನ್ನಡಿಗರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು. ಅಲ್ಲಿನ ಕಲ್ಲಿನ ವಯಸ್ಸು ನಮಗೆ ತಿಳಿದದ್ದು ಹಾಗೆ. ಆ ವಿಧಾನದ ತಳಹದಿ ರುಬಿಡಿಯಂ ಎಂಬ ಧಾತು. ಅದರ ಒಂದು ಬಗೆ ಬಲು ನಿಧಾನವಾಗಿ ಸ್ಟ್ರಾನ್ಷಿಯಂ ಆಗಿ ಬದಲಾಗುತ್ತದೆ, ಅರ್ಧ ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು. ಒಂದೇ ಕಡೆಯ ಬಂಡೆಯಿಂದ ಹಲವು ತುಂಡು ತೆಗೆದು, ಪ್ರತಿಯೊಂದರ ಲೆಕ್ಕವನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಾಗಿಟ್ಟರೆ ಅವೆಲ್ಲ ಒಂದೇ ಗೆರೆಯ ಮೇಲೆ ಬರಬೇಕು. ಆ ಗೆರೆಯ ಓರೆಯೇ ವಯಸ್ಸು. ನಡುವೆ ಒಂದು ತುಂಡು ಕೊಳೆತದ್ದಾಗಿದ್ದರೆ, ಅಥವಾ ಪಕ್ಕದ ಗುಡ್ಡದ್ದು ಬೆರೆತಿದ್ದರೆ, ಆ ಚುಕ್ಕಿ ಗೆರೆ ಬಿಟ್ಟು ಹೊರಗೆ ಹೋಗುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರವೂ ಅದನ್ನು ಸರಿಪಡಿಸಲಾರದು.

ಕಲ್ಲನ್ನು ಹೊರದೇಶಕ್ಕೆ ಒಯ್ದರು ಎಂದು ಕೆಲವರು ಸಿಡಿಮಿಡಿಗೊಳ್ಳುವುದನ್ನು ಕೇಳಿದ್ದೇನೆ. ಹತ್ತಾರು ಕಿಲೋ ಕಲ್ಲಿನ ವಿಷಯದಲ್ಲಿ ನನಗೆ ಆ ಸಿಟ್ಟು ಬರುವುದಿಲ್ಲ. ಲಾರಿಲಾರಿ ಗ್ರಾನೈಟು ಅಡುಗೆಕಟ್ಟೆಯಾಗಲು ಹಡಗು ಹತ್ತುತ್ತದೆ, ಅದಕ್ಕೆ ಯಾರೂ ಚಕಾರವೆತ್ತುವುದಿಲ್ಲ. ಆದರೆ ಒಯ್ದವರು ಏನು ಕಂಡರೆಂದು ಇಲ್ಲಿನವರಿಗೆ ಗೊತ್ತಾಗಬೇಕು, ಇಲ್ಲಿನವರೂ ಜೊತೆಗಿರಬೇಕು. ಆ ದಾರಿ ಮಾಡಿದವರಲ್ಲಿ ದೊಡ್ಡ ಹೆಸರು ಬಿ.ಪಿ. ರಾಧಾಕೃಷ್ಣ ಅವರದು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. 1958ರಲ್ಲಿ ಆರಂಭವಾದ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾವನ್ನು, ಅದರ ಪತ್ರಿಕೆಯನ್ನು ದಶಕಗಟ್ಟಲೆ ಹೊತ್ತು ನಡೆಸಿದರು. 2012ರಲ್ಲಿ ತೀರಿಕೊಂಡರು. ಆ ಸೊಸೈಟಿಯ ಕಚೇರಿ ಇರುವುದು ಗವಿಪುರದ ಬಸಪ್ಪ ಲೇಔಟಿನಲ್ಲಿ, ನಮ್ಮ ಶ್ರೀನಗರದಿಂದ ನಡೆದೇ ಹೋಗಬಹುದು. ಅದರ ಮುಂದೆಯೇ ದಿನಾ ತರಕಾರಿ ಚೀಲ ಹಿಡಿದು ಹೋಗುವ ಎಷ್ಟು ಮಂದಿಗೆ ಒಳಗೆ ಏನು ನಡೆಯುತ್ತದೆಂದು ಗೊತ್ತೋ.

ವಿಳಾಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಕೆಟ್ಟ ಉದಾಹರಣೆಯಿದೆ. 1989ರಲ್ಲಿ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ ಒಂದು ಬಾಂಬು ಹಾಕಿದರು. ಹಿಮಾಲಯದಲ್ಲಿ ಸಿಕ್ಕಿದವೆಂದು ನಮ್ಮ ಪ್ರಾಧ್ಯಾಪಕರೊಬ್ಬರು ಎರಡು ದಶಕಕ್ಕೂ ಮೀರಿ ವರದಿ ಮಾಡುತ್ತ ಬಂದಿದ್ದ ಪಳೆಯುಳಿಕೆಗಳಲ್ಲಿ ಅನೇಕವು ಹಿಮಾಲಯದವೇ ಅಲ್ಲ, ಕೆಲವು ಮೊರಾಕ್ಕೊದಿಂದ ಬಂದು ಅಂಗಡಿಗಳಲ್ಲಿ ಮಾರಾಟವಾಗುವಂಥವು ಎಂದು ಬರೆದರು. ಪಳೆಯುಳಿಕೆ ಅಸಲಿ, ವಿಳಾಸ ನಕಲಿ. ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಸರಿಯಾಗಿ ತೋರಿಸದ ಲೇಖನಗಳು ವರ್ಷಗಟ್ಟಲೆ ಅಚ್ಚಾಗುತ್ತಲೇ ಹೋದವು, ಜೊತೆಗೆ ಹೆಸರು ಹಾಕಿಸಿಕೊಂಡವರೂ ಆ ಗುಡ್ಡ ಎಲ್ಲಿ ಎಂದು ಕೇಳಲಿಲ್ಲ. ಹಿಮಾಲಯದ ಭೂಚರಿತ್ರೆಯ ಎಷ್ಟೋ ಭಾಗವನ್ನು ಮತ್ತೆ ಸೋಸಬೇಕಾಯಿತು. ನನ್ನ ಮಟ್ಟಿಗೆ ಇದು ಕಳ್ಳತನಕ್ಕಿಂತ ದೊಡ್ಡ ಅಪರಾಧ. ಕದ್ದ ಕಲ್ಲನ್ನು ವಾಪಸು ಕೊಡಬಹುದು.

ವಾಪಸು ಕೊಡುವುದೂ ಈಗ ನಡೆದಿದೆ. ಬ್ರೆಜಿಲಿನಲ್ಲಿ ಪಳೆಯುಳಿಕೆ ದೇಶದ ಸ್ವತ್ತು ಎಂಬ ಕಾನೂನು 1942ರಿಂದಲೇ ಇದೆ. ಅಲ್ಲಿಂದ ಜರ್ಮನಿಯ ಕಾರ್ಲ್ಸ್‌ರೂ ಸಂಗ್ರಹಾಲಯಕ್ಕೆ ಹೋಗಿದ್ದ ಉಬಿರಜಾರ ಎಂಬ ಪುಟ್ಟ ಡೈನೊಸಾರು 2023ರಲ್ಲಿ ತವರಿಗೆ ಮರಳಿತು. ಆಸ್ಟ್ರೇಲಿಯಾದ ಉಲುರು ಬಂಡೆಯಿಂದ ಚೂರು ಕದ್ದೊಯ್ದ ಪ್ರವಾಸಿಗರು ಕ್ಷಮಾಪಣೆ ಚೀಟಿ ಬರೆದು ಅಂಚೆಯಲ್ಲಿ ಕಲ್ಲು ಹಿಂದಿರುಗಿಸುತ್ತಾರೆ. ಆ ಚೂರನ್ನು ಬಂಡೆಯ ಯಾವ ಮೂಲೆಗೆ ಸೇರಿಸಬೇಕೆಂದು ಪಾಪ ಅಲ್ಲಿನವರಿಗೂ ತಿಳಿಯದು.

ಸ್ಕಾಟ್ಲೆಂಡಿನಲ್ಲಿ ನಡೆದಾಡಲು ಎಲ್ಲರಿಗೂ ಹಕ್ಕಿದೆ, ಕಲ್ಲು ಒಡೆಯಲು ಮಾತ್ರ ಜಮೀನಿನವರ ಒಪ್ಪಿಗೆ ಬೇಕು. ಸಂರಕ್ಷಿತ ತಾಣವಾದರೆ ಸರ್ಕಾರಿ ಸಂಸ್ಥೆಯ ಅನುಮತಿಯೂ ಬೇಕು. 1788ರಲ್ಲಿ ಜೇಮ್ಸ್ ಹಟನ್ ದೋಣಿಯಲ್ಲಿ ಹೋಗಿ ಕಂಡ ಸಿಕ್ಕರ್ ಪಾಯಿಂಟಿನಲ್ಲಿ, ಭೂಮಿಯ ಕಾಲಕ್ಕೆ ಕೊನೆಮೊದಲಿಲ್ಲ ಎಂದು ಜಗತ್ತಿಗೆ ಹೊಳೆದ ಜಾಗದಲ್ಲಿ, ಸುತ್ತಿಗೆ ಎತ್ತುವಂತಿಲ್ಲ. ಸುತ್ತಿಗೆಗಿಂತ ಅಲ್ಲಿನವರಿಗೆ ತಲೆನೋವಾಗಿರುವುದು ಕೊರೆಯುವ ಯಂತ್ರ. ಕೈಯಲ್ಲಿ ಹಿಡಿಯುವ ಡ್ರಿಲ್ಲಿನಿಂದ ಎರಡು ಬೆರಳು ದಪ್ಪದ ಕಡ್ಡಿಯಾಕಾರದ ಕಲ್ಲು ತೆಗೆದರೆ ಪ್ರಯೋಗಕ್ಕೆ ಬಲು ಅನುಕೂಲ, ಆದರೆ ಪಾಠಪುಸ್ತಕದಲ್ಲಿ ಚಿತ್ರವಾದ ಬಂಡೆಯ ನಟ್ಟನಡುವೆ ಸಾಲುಸಾಲು ದುಂಡನೆಯ ತೂತುಗಳು ಉಳಿಯುತ್ತವೆ. ಮರ್ಯಾದಸ್ಥರು ಕಣ್ಣಿಗೆ ಬೀಳದ ಮಗ್ಗುಲಲ್ಲಿ ಕೊರೆಯುತ್ತಾರೆ, ಕಡ್ಡಿಯ ಪಾಚಿಗಟ್ಟಿದ ಮೇಲ್ತುದಿಯನ್ನು ಕತ್ತರಿಸಿ ತೂತಿಗೇ ಬಿರಡೆಯಂತೆ ಕೂರಿಸಿ ಬರುತ್ತಾರೆ. ನಮ್ಮ ಹುಡುಗಿ ಡ್ರಿಲ್ಲು ಒಯ್ಯಲಿಲ್ಲ. ಅದಕ್ಕೂ ತೂಕವಿದೆಯಲ್ಲ.

ನಮ್ಮಲ್ಲಿ ಲಾಲ್‌ಬಾಗಿನ ಬಂಡೆ, ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಕಲ್ಲುಗಳು, ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಇವೆಲ್ಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಬೋರ್ಡೂ ಇದೆ. ಇಂಥ ತಾಣಗಳಿಗೆಂದೇ ಒಂದು ಕರಡು ಮಸೂದೆಯನ್ನು ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಜನರ ಮುಂದಿಟ್ಟಿತು. ಎಲ್ಲ ಅಧಿಕಾರವೂ ಒಂದೇ ಇಲಾಖೆಯ ಕೈಗೆ ಹೋಗುತ್ತದೆಂದು ವಿಜ್ಞಾನಿಗಳು ತಕರಾರು ತೆಗೆದರು. ತಕರಾರು ಸರಿಯೇ. ಆದರೂ ಕಬ್ಬಾಳದುರ್ಗದಂಥ ಜಾಗಕ್ಕೆ ಕಾವಲು ಬೇಕು. ಅಲ್ಲಿ ಕಲ್ಲು ಒಡೆಯುವವರು ಇಲ್ಲದಿದ್ದರೆ ಪಿಚ್ಚಮುತ್ತು ಅವರಿಗೆ ಆ ಅಂಚು ಕಾಣುತ್ತಲೇ ಇರಲಿಲ್ಲ, ಒಡೆಯುತ್ತಲೇ ಹೋದರೆ ಮುಂದಿನವರಿಗೆ ಕಾಣುವುದಿಲ್ಲ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ.

ಹೊರಡುವ ಮೊದಲು ಹುಡುಗಿಯ ಕೈಬಳೆಯ ವಿಷಯಕ್ಕೂ ಮನೆಯಲ್ಲಿ ಚರ್ಚೆಯಾಗಿತ್ತು. ಚಿನ್ನದ ಪರೀಕ್ಷೆಗೆ ಹೋಗುವ ಮಾದರಿಯಾದರೆ ಉಂಗುರ, ಬಳೆ ಬಿಚ್ಚಿಡಬೇಕು. ಹಟ್ಟಿ ಚಿನ್ನದ ಗಣಿಯ ಅದಿರಿನಲ್ಲೂ ಚಿನ್ನವನ್ನು ಲೆಕ್ಕ ಹಾಕುವುದು ಒಂದು ಟನ್ನಿಗೆ ಇಷ್ಟು ಗ್ರಾಂ ಎಂದು. ಉಂಗುರ ಉಜ್ಜಿ ಕಣ್ಣಿಗೆ ಕಾಣದಷ್ಟು ಪುಡಿ ತಗುಲಿದರೂ ಬಂಜರು ಕಲ್ಲು ಗಣಿಯಾಗಿಬಿಡುತ್ತದೆ. “ಬರಿಗೈಲಿ ಇರಬೇಡ” ಎಂದು ಅವರಮ್ಮನ ಹಟ. ಇವಳಿಗೆ ಬೇಕಾದದ್ದು ಜಿರ್ಕಾನ್ ಹರಳು, ಚಿನ್ನವಲ್ಲ, ಬಳೆ ಇದ್ದರೆ ತೊಂದರೆಯಿಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಕನ್ನಡಕ ಮಾತ್ರ ಹಾಕಿಕೋ ಎಂದೆ. ಸುತ್ತಿಗೆಯಿಂದ ಸಿಡಿಯುವ ಉಕ್ಕಿನ ಚೂರು ಕಲ್ಲಿನ ಚೂರಿಗಿಂತ ಕೆಟ್ಟದ್ದು. ಒಂದು ಸುತ್ತಿಗೆಯ ತಲೆಯ ಮೇಲೆ ಇನ್ನೊಂದು ಸುತ್ತಿಗೆಯಿಂದ ಹೊಡೆಯಲೇಬಾರದು, ಅದಕ್ಕೆಂದೇ ಚಾಣ ಇದೆ.

ಅವಳು ಬಂದಿದ್ದಾಳೆ. ಪ್ರತಿಯೊಂದು ಕಲ್ಲನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮಣ್ಣು ಪಾಚಿ ಕಳೆದು, ಒಣಗಿಸಿ, ಪೇಪರಿನಲ್ಲಿ ಸುತ್ತಿ, ಬಟ್ಟೆ ಚೀಲಕ್ಕೆ ಹಾಕಿದ್ದಾಳೆ. ಮಣ್ಣು ಅಂಟಿದ ಕಲ್ಲನ್ನು ಎಷ್ಟೋ ದೇಶಗಳು ಒಳಗೇ ಬಿಡುವುದಿಲ್ಲ, ಮಣ್ಣಿನ ಜೊತೆ ಬೀಜ, ಹುಳು, ರೋಗ ಬರುತ್ತವೆಂದು. ಕಲ್ಲು ಸುತ್ತಲು ದಿನಪತ್ರಿಕೆಗಿಂತ ಒಳ್ಳೆಯ ವಸ್ತು ಇನ್ನೂ ಹುಟ್ಟಿಲ್ಲ. ಈ ಅಂಕಣಕ್ಕೂ ಅಂಥ ಸದ್ಗತಿ ಸಿಗಲಿ. ಇನ್ನು ಡೈಮಂಡ್ ಗರಗಸದಲ್ಲಿ ಕೊಯ್ದು, ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ತೇಯಬೇಕು. ಆಗ ಬೆಳಕು ಕಲ್ಲಿನ ಮೂಲಕ ಹಾಯುತ್ತದೆ. ಪ್ರತಿ ಕಲ್ಲಿನ ಮಿಕ್ಕ ಅರ್ಧ ತುಂಡನ್ನು, ಮಾದರಿಗಳ ಪಟ್ಟಿಯ ಒಂದು ಪ್ರತಿಯ ಜೊತೆಗೆ, ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲೇ ಬಿಟ್ಟು ಬಂದಳಂತೆ. ಅರ್ಧದಷ್ಟು ತೂಕವೂ ಇಳಿಯಿತು.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದರಂತೆ. ಎಕ್ಸ್‌ರೇಯಲ್ಲಿ ಕಲ್ಲು ಕಪ್ಪಗೆ ಇಟ್ಟಿಗೆಯ ಹಾಗೆ ಕಾಣುತ್ತದೆ, ಅವರದೂ ತಪ್ಪಲ್ಲ. ಗೈಡು ಬರೆದುಕೊಟ್ಟ ಪತ್ರ ತೋರಿಸಿದಳು. ಸಂಶೋಧನೆಗೆ ತಂದ ಶಿಲಾ ಮಾದರಿಗಳು, ವ್ಯಾಪಾರದ ಬೆಲೆಯೇನೂ ಇಲ್ಲ ಎಂದು ಅದರಲ್ಲಿತ್ತು. ಅಧಿಕಾರಿ ಪತ್ರವನ್ನೂ ಓದಿದರು, ಒಂದು ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿಯೂ ನೋಡಿದರು. ಅವರದು ಕೋಲಾರದ ಕಡೆಯ ಊರಂತೆ. “ನಮ್ಮ ಹೊಲದಲ್ಲಿ ಇಂಥದ್ದೇ ಇದೆಯಲ್ಲಮ್ಮಾ” ಎಂದರಂತೆ. ಹೊಲ ಯಾವ ಊರಿನ ಹತ್ತಿರ, ಅಲ್ಲಿ ಬಾವಿ ಏನಾದರೂ ತೋಡಿಸಿದ್ದೀರಾ ಎಂದು ಇವಳು ನೋಟ್‌ಬುಕ್ಕು ತೆಗೆದಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.